'ಹೃದಯ ವೈಫಲ್ಯ'ಕ್ಕೆ ಬೇರೆ ಮಾತು ಇದೆಯೇ?

ಪ್ರಶ್ನೆ (ಉಡುಪಿ): ಹಾರ್ಟ್ ಫೇಲ್ಯೂರ್ ಇರುವವರು ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಹೃದಯ ವೈಫಲ್ಯ' ಎಂದು ಬರೆದೆ. ಆದರೆ ನಮ್ಮ ಕಡೆ 'ಹಾರ್ಟ್ ಫೇಲ್ ಆಯ್ತು' ಎಂದರೆ ಮನುಷ್ಯ ತೀರಿಕೊಂಡ ಎಂದೇ ಅರ್ಥ. 'ಎದೆಗುಂದುವಿಕೆ' ಆದೀತೇ? 'ಇಜೆಕ್ಷನ್ ಫ್ರಾಕ್ಷನ್', 'ಎಡಿಮಾ', 'ಫ್ಲೂಯಿಡ್' ಇವಕ್ಕೂ ತಿಳಿದವರು ಪದ ಸೂಚಿಸಿ.

ಉತ್ತರ (ಮಂಗಳೂರು): 'ಎದೆಗುಂದುವಿಕೆ' ಬೇಡ, ಅದು ಧೈರ್ಯಗೆಡುವುದಕ್ಕೆ ಮೀಸಲಾದ ಮಾತು. 'ವೈಫಲ್ಯ'ದಲ್ಲಿ ಎಲ್ಲ ಮುಗಿದುಹೋಯಿತು ಎಂಬ ಧ್ವನಿ ಇದೆ. ಈ ಕಾಯಿಲೆಯಲ್ಲಿ ಹೃದಯ ನಿಂತಿರುವುದಿಲ್ಲ. ಸ್ನಾಯು ಬಲಗುಂದಿಯೋ ಪೆಡಸಾಗಿಯೋ ಮೈಗೆ ಬೇಕಾದಷ್ಟು ರಕ್ತ ಒದಗಿಸಲಾರದೆ ಹೆಣಗುತ್ತಿರುತ್ತದೆ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಕ್ರಿಯಾಪದವೇ ಇದೆ: ಸೋಲು. 'ನಡೆದು ನಡೆದು ಕಾಲು ಸೋತಿತು' ಅನ್ನುತ್ತೇವಲ್ಲ, ಹಾಗೆ 'ಹೃದಯ ಸೋತಿದೆ'. ಸೋತ ಕಾಲು ಚೇತರಿಸಿಕೊಳ್ಳಬಲ್ಲದು ಎಂಬ ಅರ್ಥವೂ ಅದರಲ್ಲೇ ಇದೆ. ಶೀರ್ಷಿಕೆಗೆ ನಾಮಪದವೇ ಬೇಕಿದ್ದರೆ 'ಹೃದಯದ ಬಲಗುಂದಿಕೆ' ಇರಲಿ. ಆಸ್ಪತ್ರೆಯ ಚೀಟಿಯಲ್ಲಿ ಕಾಣುವುದು 'ಹಾರ್ಟ್ ಫೇಲ್ಯೂರ್' ಆದ್ದರಿಂದ ಅದನ್ನೂ ಒಮ್ಮೆ ಪಕ್ಕದಲ್ಲಿ ಕೊಡಿ. ಹೃದಯಾಘಾತ ಬೇರೆ, ಅದರಲ್ಲಿ ರಕ್ತನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯುತ್ತದೆ. ಹೃದಯ ಸ್ತಂಭನವೆಂದರೆ ಬಡಿತವೇ ನಿಲ್ಲುವುದು. ಆಘಾತವಾದ ಹೃದಯ ಮುಂದೆ ಸೋಲಬಹುದು. ಹಳೆಯ ಬಿಪಿ, ಕವಾಟದ ದೋಷ, ಅತಿಯಾದ ಕುಡಿತದಿಂದಲೂ ಸೋಲುತ್ತದೆ.

'ಇಜೆಕ್ಷನ್ ಫ್ರಾಕ್ಷನ್'ಗೆ 'ಹೊರದೂಡುವ ಪಾಲು' ಸಾಕು, ಆದರೆ ಒಂದು ಲೆಕ್ಕ ಜೊತೆಗಿರಲಿ. ಎಡ ಹೃತ್ಕುಕ್ಷಿಯಲ್ಲಿ (ಮೈಗೆ ರಕ್ತ ತಳ್ಳುವ ಹೃದಯದ ಕೋಣೆ) 120 ಮಿ.ಲೀ. ರಕ್ತ ತುಂಬಿ, ಒಂದು ಬಡಿತಕ್ಕೆ 70 ಮಿ.ಲೀ. ಹೊರಬಿದ್ದರೆ ಪಾಲು ಸುಮಾರು ಶೇ. 58, ಅಂದರೆ ಸಹಜ. ಆರೋಗ್ಯವಂತರಲ್ಲೂ ಅದು ನೂರಾಗುವುದಿಲ್ಲ. ಇದನ್ನು ಹೇಳದಿದ್ದರೆ, 'ಶೇ. 35' ಎಂಬ ವರದಿ ನೋಡಿದವರು ಹೃದಯದ 65 ಪಾಲು ಸತ್ತೇ ಹೋಗಿದೆ ಎಂದು ಕುಸಿಯುತ್ತಾರೆ. 40 ಅಥವಾ ಕಡಿಮೆ ಇದ್ದರೆ ಪಾಲು ಕುಗ್ಗಿದೆ ಎಂದು ಲೆಕ್ಕ. 50ರ ಮೇಲಿದ್ದರೂ ಕಾಯಿಲೆ ಇರಬಹುದು. ಅಲ್ಲಿ ಹೃದಯ ಪೆಡಸಾಗಿ ಸಡಿಲಗೊಳ್ಳದೆ, ತುಂಬಿಕೊಳ್ಳುವ ಕೆಲಸವೇ ಸರಿಯಾಗಿ ಆಗುವುದಿಲ್ಲ.

ಎಡಿಮಾಕ್ಕೆ 'ಬಾವು' ಎಂದರೆ ಕೀವು, ಬಿಸಿ, ನೋವು ನೆನಪಾಗುತ್ತದೆ. 'ನೀರು ತುಂಬಿದ ಊತ' ಎನ್ನಿ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಐದು ಸೆಕೆಂಡ್ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆ, ಸಂಜೆ ಚಪ್ಪಲಿ ಪಟ್ಟಿಯ ಗುರುತು ಪಾದದಲ್ಲಿ ಅಚ್ಚೊತ್ತಿರುತ್ತದೆ ಎಂದು ಸೇರಿಸಿ. ಉಸಿರಾಟದ ತೊಂದರೆಗೆ 'ದಮ್ಮು', 'ಉಬ್ಬಸ' ಬಳಸಬೇಡಿ, ಓದಿದವರು ಅಸ್ತಮಾ ಎಂದುಕೊಳ್ಳುತ್ತಾರೆ. 'ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಗುರಾಗುತ್ತದೆ' ಎಂದು ಬಿಡಿಸಿ ಬರೆಯಿರಿ.

ಅಪಾಯ ಹೆಚ್ಚು ಇರುವುದು 'ಫ್ಲೂಯಿಡ್'ನಲ್ಲಿ. ಡಾಕ್ಟರು ದಿನಕ್ಕೆ ಒಂದೂವರೆ ಲೀಟರ್ ಮಿತಿ ಹಾಕಿದಾಗ (ಎಲ್ಲರಿಗೂ ಹಾಕುವುದಿಲ್ಲ) ಅನುವಾದದಲ್ಲಿ 'ನೀರು' ಎಂದಿದ್ದರೆ, ಕುಚ್ಚಲಕ್ಕಿ ಗಂಜಿಯ ತಿಳಿ, ಮಜ್ಜಿಗೆ, ಚಹಾ, ಸಾರು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. 'ಕುಡಿಯುವುದೆಲ್ಲ ಸೇರಿ' ಎನ್ನಿ. ಉಪ್ಪಿನಲ್ಲೂ ಇಂಥದೇ ತೊಡಕು: ಮೂಲದಲ್ಲಿ '2 ಗ್ರಾಂ ಸೋಡಿಯಂ' ಎಂದಿದ್ದರೆ ಅದು 5 ಗ್ರಾಂ ಉಪ್ಪು, ಸುಮಾರು ಒಂದು ಟೀ ಚಮಚ, ಇಡೀ ದಿನದ್ದು. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಇವುಗಳ ಹೆಸರು ಹಿಡಿದೇ ಬರೆಯಿರಿ. ಕರಾವಳಿಯಲ್ಲಿ 'ಉಪ್ಪು ಕಡಿಮೆ ಮಾಡಿ' ಎಂದರೆ ಪದಾರ್ಥಕ್ಕೆ ಹಾಕುವ ಉಪ್ಪಷ್ಟೇ ಎಂದುಕೊಳ್ಳುತ್ತಾರೆ. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಬೊಂಡದಲ್ಲೂ (ಎಳನೀರು) ಬಹಳ. ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ಬಡಿತದ ಲಯ ತಪ್ಪಿಸಬಹುದು, ಡಾಕ್ಟರನ್ನು ಕೇಳದೆ ಬೇಡ.

ಮಾತ್ರೆಗಳನ್ನು ಎರಡಾಗಿ ಬೇರ್ಪಡಿಸಿ. ಫ್ಯುರೊಸೆಮೈಡ್, ಟಾರ್ಸೆಮೈಡ್ ಮೂತ್ರ ಹೆಚ್ಚಿಸಿ ಊತ ಇಳಿಸುತ್ತವೆ. ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟನ್, ಡಪಾಗ್ಲಿಫ್ಲೊಜಿನ್ ಹೃದಯವನ್ನು ಕಾಪಾಡುವಂಥವು, ಊತ ಇಳಿಯಿತೆಂದು ನಿಲ್ಲಿಸುವಂತಿಲ್ಲ. ಕೊನೆಯದನ್ನು 'ಸಕ್ಕರೆ ಕಾಯಿಲೆ ಮಾತ್ರೆ' ಎಂದು ಕರೆಯಲೇಬೇಡಿ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಡುತ್ತಾರೆ, ಹೆಸರು ಕೇಳಿ ಅವರು ಬಿಟ್ಟುಬಿಡುತ್ತಾರೆ. ಗಂಟುನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ಉಪ್ಪು-ನೀರು ಹಿಡಿದಿಡುತ್ತವೆ ಎಂಬ ಸಾಲು ಬಿಡಬೇಡಿ.

ಇನ್ನೊಂದು, 'ತೂಕ ಹೆಚ್ಚಾದರೆ ತಿಳಿಸಿ' ಎಂಬ ವಾಕ್ಯ. ತೂಕ ಏರಿದರೆ ನಮ್ಮಲ್ಲಿ 'ಮೈ ತುಂಬಿಕೊಂಡಿದೆ, ಹುಷಾರಾಗುತ್ತಿದ್ದಾರೆ' ಎನ್ನುತ್ತಾರೆ. ಅದರ ಬದಲು ಹೀಗೆ ಬರೆಯಬಹುದು: 'ದಿನಾ ಬೆಳಗ್ಗೆ ಮೂತ್ರ ಮಾಡಿ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮಾಂಸವಲ್ಲ, ನೀರು. ಊತ ಕಾಣದಿದ್ದರೂ ಅಂದೇ ಡಾಕ್ಟರಿಗೆ ಹೇಳಿ.'