ಲೇಹ್‌ನಿಂದ ಅಗತ್ತಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಗದಗ_ಮಾಸ್ತರ:
ಮಗಳ ಶಾಲೆಯ ಪ್ರಾಜೆಕ್ಟ್‌ರೀ. ಲಡಾಖ್‌ನ ಲೇಹ್‌ನಿಂದ ಲಕ್ಷದ್ವೀಪದ ಅಗತ್ತಿಗೆ ದೂರ ಮತ್ತು ಸಮಯ ಬೇಕು. ನೇರ ವಿಮಾನವೇ ಸಿಗುತ್ತಿಲ್ಲ, ನಕಾಶೆಯ ಮೇಲೆ ದಾರ ಇಟ್ಟು ಅಳೆದರೆ ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತಿದೆ. ಹೇಗೆ ಮಾಡುವುದು?

ಉಣಕಲ್_ಕೆರೆ:
ದಾರ ಬಿಡಿ ಸರ್. ಭೂಮಿ ಗುಂಡಗಿದೆ, ನಕಾಶೆ ಚಪ್ಪಟೆ. ಅಕ್ಷಾಂಶ ರೇಖಾಂಶ ತಗೊಂಡು ಹ್ಯಾವರ್‌ಸೈನ್ ಸೂತ್ರಕ್ಕೆ (ಗುಂಡಗಿನ ಭೂಮಿಯ ಮೇಲೆ ಎರಡು ಜಾಗಗಳ ನಡುವಿನ ದೂರ ಕೊಡುವ ಸೂತ್ರ) ಹಾಕಿ, ಭೂಮಿಯ ತ್ರಿಜ್ಯ 6371 ಕಿ.ಮೀ. ಲೇಹ್ 34.14 ಉತ್ತರ, 77.55 ಪೂರ್ವ. ಅಗತ್ತಿ 10.82 ಉತ್ತರ, 72.18 ಪೂರ್ವ. ನನಗೆ ಸುಮಾರು 2650 ಕಿ.ಮೀ. ಬಂತು. ಸುಮ್ನೆ ತಾಳೆ ನೋಡೋಕೆ: ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ., ಇಲ್ಲಿ 23.3 ಡಿಗ್ರಿ ವ್ಯತ್ಯಾಸ, ಅಂದರೆ ತೆಂಕು-ಬಡಗೇ 2590 ಆಯಿತಲ್ವಾ.

ಗದಗ_ಮಾಸ್ತರ:
ಸಮಯ?

ಉಣಕಲ್_ಕೆರೆ:
ಜೆಟ್ ಗಂಟೆಗೆ 800 ಅಂತ ಹಿಡಿದರೆ 3 ಗಂಟೆ 20 ನಿಮಿಷ, ಏರಿ ಇಳಿಯುವುದಕ್ಕೆ ಇನ್ನೊಂದು ಅರ್ಧ ಗಂಟೆ ಸೇರಿಸಿ.

ಹಾವೇರಿ_ಏಲಕ್ಕಿ:
ಅದು ಕಾಗದದ ಲೆಕ್ಕ ಅಷ್ಟೇ ಅಣ್ಣಾ! ಅಗತ್ತಿ ರನ್‌ವೇ ಚಿಕ್ಕದು, ದೊಡ್ಡ ಜೆಟ್ ಇಳಿಯುವುದಿಲ್ಲ. ಕೊಚ್ಚಿಯಂಥ ಊರಿಂದ ಎಟಿಆರ್ (ರೆಕ್ಕೆಯ ಮೇಲೆ ಪಂಖ ತಿರುಗುವ ಚಿಕ್ಕ ವಿಮಾನ) ಹಿಡಿಯಬೇಕು, ಅದರ ವೇಗ ಗಂಟೆಗೆ 500ರ ಆಸುಪಾಸು. ಲೇಹ್ ಇನ್ನೂ ತಂಟೆ, ಸುಮಾರು 3250 ಮೀಟರ್ ಎತ್ತರ, ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ ಅಂತ ಹೆಚ್ಚಾಗಿ ಬೆಳಗ್ಗೆಯೇ ವಿಮಾನ. ದೆಹಲಿ, ಕೊಚ್ಚಿ ಸುತ್ತಿ ಹೋದರೆ ನಡುವೆ ಒಂದು ರಾತ್ರಿ ಎಲ್ಲಾದರೂ ಮಲಗಲೇಬೇಕಾದೀತು. ಮಗಳಿಗೆ ಎರಡೂ ಲೆಕ್ಕ ಬರೆಯಲು ಹೇಳಿ.

ಗದಗ_ಮಾಸ್ತರ:
ಬರೆಯುತ್ತಿದ್ದಾಳೆ. ದಾರ ವಾಪಸ್ ಹೊಲಿಗೆ ಡಬ್ಬಿಗೆ ಹೋಯಿತು.