ಪದಚರ್ಚೆ: ನಾಯಿ ತೀರ್ಪಿನ ಹಾಳೆಗೆ ‘ಮಾಟ’ವೋ ‘ಮೈಕಟ್ಟೋ’? ‘ಗೇಮೆ’ಯೋ ‘ಕಸುವೋ’?

ಮಂಡ್ಯದಿಂದ, ಸೋಮವಾರ

ಗೆಳೆಯರೇ,

ಗುರುವಾರ ಸಂಜೆಯೊಳಗೆ ಮೂರು ಪದ ಬೇಕು. ಈ ಭಾನುವಾರ ಮೈಸೂರಿನಲ್ಲಿ ಮುಧೋಳ ನಾಯಿಗಳದ್ದೇ ಒಂದು ಪ್ರದರ್ಶನ ಇದೆ. ತೀರ್ಪುಗಾರರು ಅಂಕ ಹಾಕುವ ಹಾಳೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದೇ ಪದಗಳು ಕಣದ (ನಾಯಿಗಳನ್ನು ನಡೆಸಿ ತೋರಿಸುವ ರಿಂಗಿನ) ಪಕ್ಕ ನಿಲ್ಲಿಸುವ ಬೋರ್ಡಿನ ಮೇಲೂ ಬರುತ್ತವೆ. ಶುಕ್ರವಾರ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಇಂಗ್ಲಿಷ್ ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದು ಕನ್ಫರ್ಮೇಶನ್. ಎದೆ, ಬೆನ್ನು, ಸೊಂಟ, ಕಾಲಿನ ಮಡಿಕೆ ಎಲ್ಲ ಆ ತಳಿಗೆ ಹೇಳಿದ ಹಾಗೆ ಕೂಡಿಬಂದಿದೆಯಾ ಅನ್ನುವುದು. ಎರಡನೆಯದು ವರ್ಕಿಂಗ್ ಎಬಿಲಿಟಿ. ಯಾವ ಕೆಲಸಕ್ಕೆ ಅಂತ ಆ ತಳಿಯನ್ನು ಬೆಳೆಸಿದರೋ ಆ ಕೆಲಸ ಈ ನಾಯಿಯ ಕೈಲಿ ಆಗುತ್ತದಾ ಅನ್ನುವುದು. ಮೂರನೆಯದು ಬ್ಯಾಲೆನ್ಸ್. ಒಂದು ಇನ್ನೊಂದನ್ನು ತಿಂದುಹಾಕಿಲ್ಲ ತಾನೇ ಅನ್ನುವುದು.

ಹಳೆಯ ಅನುವಾದ ಒಂದಿದೆ: ‘ಸೌಂದರ್ಯ’, ‘ಕಾರ್ಯಕ್ಷಮತೆ’, ‘ಸಮತೋಲನ’. ಇದನ್ನು ಮತ್ತೆ ಅಚ್ಚು ಹಾಕಿಸಲು ನನಗೆ ಮನಸ್ಸಿಲ್ಲ. ದಯವಿಟ್ಟು ಬೇಗ ಬರೆಯಿರಿ.

— ರಾ.


ಉತ್ತರ 1

ಅಂಗಸೌಷ್ಠವ, ಕಾರ್ಯಸಾಮರ್ಥ್ಯ, ಸಮತೋಲ. ಮೂರೂ ನಿಘಂಟಿನಲ್ಲಿವೆ. ಇಷ್ಟಕ್ಕೆ ಚರ್ಚೆ ಯಾಕೆ?

— ವೆಂ., ಕುವೆಂಪುನಗರ


ಉತ್ತರ 2

‘ಸೌಷ್ಠವ’ ಬೇಡ. ಬಾಯಿಗೆ ಬಾರದ ಪದವನ್ನು ಬೋರ್ಡಿಗೆ ಹಾಕಬಾರದು.

ಒಳ್ಳೆಯ ಪದ ಮನೆಯಲ್ಲೇ ಇದೆ: ಮಾಟ. ಓಡು–ಓಟ, ಕೂಡು–ಕೂಟ, ಮಾಡು–ಮಾಟ. ‘ಮಾಟವಾದ ಮೂಗು’, ‘ಮಾಟವಾದ ಮೈ’ ಅನ್ನುತ್ತೇವೆ. ನಿಮಗೆ ಬೇಕಾದ ಅರ್ಥ ಇದೇ.

ಎರಡನೆಯದಕ್ಕೆ ಗೇಮೆ, ಅಂದರೆ ಕೆಲಸ. ಮಂಡ್ಯದವರಾಗಿ ಇದನ್ನು ಇನ್ನೊಬ್ಬರ ಹತ್ತಿರ ಕೇಳಬೇಕೇ? ತಾಳ್ಮೆ, ದುಡಿಮೆಯ ಸಾಲಿನದು. ಹಳಗನ್ನಡದ ಗೆಯ್, ಕೆಯ್ ಎರಡೂ ಒಂದೇ. ತಮಿಳಿನ ಸೆಯ್, ತೆಲುಗಿನ ಚೇಯು ಇದರ ಒಡಹುಟ್ಟಿದವು. ‘ಕೈ’ ಕೂಡ ಇದೇ ಬೇರಿನದು ಇರಬಹುದು ಅಂತ ನಾನು ನಲವತ್ತು ವರ್ಷದಿಂದ ಊಹಿಸುತ್ತಾ ಬಂದಿದ್ದೇನೆ, ನಿಘಂಟು ಒಪ್ಪದಿದ್ದರೂ. ತೆಲುಗಿನಲ್ಲಿ ಚೇಯು, ಚೇಯಿ ಪಕ್ಕಪಕ್ಕದಲ್ಲೇ ಇವೆ, ನೋಡಿ. ಯಾವುದು ಮಾಡುತ್ತದೋ ಅದು ಕೈ. ‘ನಾಯಿಯ ಕೈಲಿ ಆಗುತ್ತದಾ’ ಅಂತ ನೀವೇ ಬರೆದಿದ್ದೀರಿ. ಭಾಷೆಗೆ ಗೊತ್ತಿದೆ, ನಮಗೆ ಮರೆತಿದೆ.

ಇನ್ನೊಂದು. ಹಾಳೆಯಲ್ಲಿ ಎಲ್ಲಾದರೂ ‘ಗ್ಯಾಲಪ್’ ಇದ್ದರೆ ಅದು ನಾಗಾಲೋಟ. ನಾಲ್ಕು ಕಾಲಿನ ಓಟ. ನಾಗರಹಾವಿಗೂ ಅದಕ್ಕೂ ಸಂಬಂಧವಿಲ್ಲ.

— ಶ್ರೀ., ಸರಸ್ವತಿಪುರಂ


ಉತ್ತರ 3

ಮೇಷ್ಟ್ರೇ, ನಾನು ಹುಟ್ಟಿದ್ದು ಜಮಖಂಡಿ, ಈಗ ಇರುವುದು ಮೈಸೂರು. ಮಾಟ ಅಂದರೆ ಜನಕ್ಕೆ ನೆನಪಾಗುವುದು ನಿಂಬೆಹಣ್ಣು, ಕುಂಕುಮ. ‘ಮಾಟದಲ್ಲಿ ನಿಮ್ಮ ನಾಯಿಗೆ ಹೆಚ್ಚು ಅಂಕ’ ಅಂದರೆ ನಾಯಿ ತಂದವನು ಹಿಂದಕ್ಕೆ ಸರಿಯುತ್ತಾನೆ. ಮೂಗಿಗೆ ಸರಿ, ಬೋರ್ಡಿಗೆ ಸರಿಯಲ್ಲ.

ಗೇಮೆ ನಮ್ಮ ಕಡೆ ಇಲ್ಲ. ನಾವು ದಗದ ಅನ್ನುತ್ತೇವೆ. ಭಾನುವಾರ ಬಾಗಲಕೋಟೆ ಕಡೆಯಿಂದ ರಾತ್ರಿಯೆಲ್ಲ ಜೀಪಿನಲ್ಲಿ ನಾಯಿ ತರುವವರಿದ್ದಾರೆ. ಅದು ಅವರ ನಾಯಿ, ಅವರ ಊರಿನ ಹೆಸರಿನ ತಳಿ. ಅವರಿಗೇ ತಿಳಿಯದ ಪದ ಯಾಕೆ? ಅಲ್ಲದೆ ಎತ್ತು ಗೇಯುತ್ತದೆ, ಬೇಟೆನಾಯಿ ಗೇಯುವುದಿಲ್ಲ.

ಈಗಾಗಲೇ ಒಂದು ದೊಡ್ಡ ದಾಖಲೆಯಲ್ಲಿ ನಮ್ಮ ಮುಧೋಳವನ್ನು ‘ಕ್ಯಾರವಾನ್ ಹೌಂಡ್’ ಅಂತ ಬರೆದು ಕೂರಿಸಿದ್ದಾರೆ. ಊರಿನ ಹೆಸರೂ ಹೋಯಿತು. ಈಗ ಕೆಲಸದ ಹೆಸರನ್ನು ಮಂಡ್ಯಕ್ಕೆ ಬರೆದುಕೊಡುವುದು ಬೇಡ.

— ಬ., ಹೆಬ್ಬಾಳ, ಮೈಸೂರು


ಮಂಡ್ಯದಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ಉಪಕಾರ. ಇದನ್ನು ಸುಮ್ನೆ ಪದದ ಚಪಲಕ್ಕೆ ಕೇಳುತ್ತಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ಹಿಂದಿನ ಸಲ ಬೇರೆ ಒಂದು ಊರಿನಲ್ಲಿ ಇಂಥದೇ ಪ್ರದರ್ಶನ ಇತ್ತು. ತೀರ್ಪುಗಾರರ ಪಕ್ಕ ಕೂತು ಅಂಕ ಬರೆದುಕೊಳ್ಳುವವನು ನಾನೇ. ಬೆಳಿಗ್ಗೆ ಓಟದ ಪರೀಕ್ಷೆ. ಮೊಲ ಓಡಿಸುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅದಕ್ಕೆ ನೈಲಾನ್ ದಾರಕ್ಕೆ ಬಿಳಿ ಪ್ಲಾಸ್ಟಿಕ್ ಕವರ್ ಕಟ್ಟಿ, ಸೈಕಲ್ ರಿಮ್ಮಿಗೆ ಸುತ್ತಿ ಎಳೆಯುತ್ತಾರೆ. ನೆಲಕ್ಕೆ ತಾಗಿಕೊಂಡು ಕವರ್ ಹಾರುತ್ತದೆ. ಈ ನಾಯಿಗಳು ಮೂಸಿ ಹಿಡಿಯುವವಲ್ಲ, ಕಣ್ಣಲ್ಲಿ ಹಿಡಿಯುವವು. ಚಲಿಸಿದ್ದು ಕಂಡರೆ ಸಾಕು.

ಒಂದು ನಾಯಿ ಬಂತು. ಮಣ್ಣಿನ ಬಣ್ಣ, ಎಡಗಿವಿ ಹರಿದಿತ್ತು. ಬಿಟ್ಟ ತಕ್ಷಣ ಮೈ ಬಿಲ್ಲಿನ ಹಾಗೆ ಮಡಿಚಿಕೊಂಡು ಬಿಚ್ಚಿಕೊಂಡಿತು. ಮೇಷ್ಟ್ರು ಹೇಳಿದ ನಾಗಾಲೋಟ ಅದೇ. ಒಂದು ನೆಗೆತದ ಸುತ್ತಿನಲ್ಲಿ ನಾಲ್ಕೂ ಕಾಲು ಎರಡು ಸಲ ನೆಲ ಬಿಡುತ್ತವೆ. ಒಮ್ಮೆ ಮೈ ಚಾಚಿದಾಗ, ಒಮ್ಮೆ ಮಡಿಚಿದಾಗ. ದಾರ ತಿರುಗಿದ ಕಡೆ ಬಾಲವನ್ನು ಒಂದು ಪಕ್ಕಕ್ಕೆ ಬೀಸಿ ತಿರುಗಿತು, ಕಾಲು ಜಾರಲಿಲ್ಲ. ಅದರ ಹಿಂದೆಯೇ ಇನ್ನೊಂದು ನಾಯಿ ಬಂತು. ರೇಷ್ಮೆಯಂಥ ಮೈ, ಎತ್ತಿದ ಕತ್ತು. ಅರ್ಧ ದಾರಿ ಓಡಿ, ನಿಂತು, ಯಜಮಾನನ ಕಡೆ ನೋಡಿತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಮಧ್ಯಾಹ್ನ ಕಣದ ತೀರ್ಪು. ಬಂದಿದ್ದ ತೀರ್ಪುಗಾರರು ಒಳ್ಳೆಯವರು, ಅನುಭವ ಇದ್ದವರು. ಹಾಳೆಯಲ್ಲಿ ‘ಸೌಂದರ್ಯ’ ಅಂತ ಇತ್ತು. ಹರಿದ ಕಿವಿಯ ನಾಯಿಯ ಎದೆ ಮುಟ್ಟಿದರು, ಬೆನ್ನು ಸವರಿದರು, ಚೆನ್ನಾಗಿದೆ ಅಂದರು. ಆಮೇಲೆ ನನ್ನ ಹಾಳೆ ನೋಡಿ, ‘ಸೌಂದರ್ಯಕ್ಕೆ ಕಿವಿ ಹೀಗಾಯಿತಲ್ಲಪ್ಪ’ ಅಂತ ಅಂಕ ಕಡಿಮೆ ಹಾಕಿದರು. ಕನ್ಫರ್ಮೇಶನ್ ಅಂತ ಇದ್ದಿದ್ದರೆ ಅವರ ಕೈ ಕಿವಿಯ ಮೇಲೆ ನಿಲ್ಲುತ್ತಿರಲಿಲ್ಲ. ಎಲುಬು ಹೇಗೆ ಕೂತಿದೆ ಅಂತ ನೋಡುತ್ತಿದ್ದರು. ಹರಿದ ಕಿವಿ ಹುಟ್ಟಿನ ದೋಷ ಅಲ್ಲ, ಮರಿಗೆ ಹೋಗುವುದಿಲ್ಲ. ಬಹುಮಾನ ರೇಷ್ಮೆ ಮೈಗೆ ಹೋಯಿತು. ನಾಳೆ ಮರಿ ಬೇಕೆಂದು ಜನ ಹೋಗುವುದೂ ಅದರ ಮನೆಗೇ. ಒಂದು ಕನ್ನಡ ಪದದಿಂದ ಹೀಗಾಯಿತು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹೊರಗಡೆಯೂ ಇದು ಹೆಸರಿನ ಜಗಳವೇ. ಬ್ರಿಟನ್ನಿನ ಕೆನಲ್ ಕ್ಲಬ್ಬಿನಲ್ಲಿ (ತಳಿ ನಾಯಿಗಳ ಸಂಘ) ಗನ್‌ಡಾಗ್ ಗುಂಪಿನ, ಅಂದರೆ ಬಂದೂಕಿನ ಬೇಟೆಗೆ ಜೊತೆ ಹೋಗುವ, ನಾಯಿ ಕಣದಲ್ಲಿ ಮಾತ್ರ ಗೆದ್ದರೆ ‘ಶೋ ಚಾಂಪಿಯನ್’. ಬಯಲಿನ ಕೆಲಸದಲ್ಲೂ ಸೈ ಅನ್ನಿಸಿಕೊಂಡರೆ ಮಾತ್ರ ಬರೀ ‘ಚಾಂಪಿಯನ್’. ಒಂದು ಪದ ಹೆಚ್ಚಿದ್ದರೆ ಬೆಲೆ ಕಡಿಮೆ! ಜರ್ಮನ್ ಶೆಫರ್ಡ್ ಸಂಘವನ್ನು 1899ರಲ್ಲಿ ಕಟ್ಟಿದ ಸ್ಟೆಫಾನಿಟ್ಸ್ ಕೆಲಸಕ್ಕೆ ಬರುವ ನಾಯಿಯೇ ಬೇಕು ಅಂತ ಹಟ ಹಿಡಿದವರು. ಆಮೇಲೆ ಆ ತಳಿಯೇ ಕಣದ ಸಾಲು, ಕೆಲಸದ ಸಾಲು ಅಂತ ಎರಡಾಗಿ ಒಡೆಯಿತು. ಕಣದ ಸಾಲಿನ ಇಳಿಜಾರು ಬೆನ್ನಿನ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ. ಕುರಿ ತಿರುಗಿಸುವ ಬಾರ್ಡರ್ ಕೋಲಿಯವರಂತೂ 1906ರಿಂದ ಅವರದೇ ಸಂಘ ಇಟ್ಟುಕೊಂಡು ಕಿವಿ ನೆಟ್ಟಗಿದೆಯೋ ಜೋತಿದೆಯೋ ಅಂತ ತಲೆ ಕೆಡಿಸಿಕೊಂಡಿಲ್ಲ. 1995ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಆ ತಳಿಯನ್ನು ಕಣಕ್ಕೆ ಸೇರಿಸಿದಾಗ ಕುರಿ ಕೆಲಸದವರೇ ಬೇಡ ಅಂದರು. ಬ್ರಿಟನ್ನಿನ ದೊಡ್ಡ ನಾಯಿ ಪ್ರದರ್ಶನ ಕ್ರಫ್ಟ್ಸ್‌ನಲ್ಲಿ 2012ರಲ್ಲಿ ಬುಲ್‌ಡಾಗ್, ಪೆಕಿನೀಸ್ ಸೇರಿ ಕೆಲವು ತಳಿಗಳಲ್ಲಿ ಗೆದ್ದ ನಾಯಿಗಳನ್ನೇ ಪಶುವೈದ್ಯರು ಮುಂದಿನ ಸುತ್ತಿಗೆ ಬಿಡಲಿಲ್ಲ. ರೂಪಕ್ಕೆ ಮೊದಲನೆಯದು, ಆದರೆ ಮೈ ನೆಟ್ಟಗಿಲ್ಲ.

ನಮ್ಮಲ್ಲೂ ಹಳೆಯ ಮಾತಿದೆ. ಮದ್ದೂರು ತಾಲೂಕಿನ ಆತಕೂರಿನ ಶಾಸನದ ಕಲ್ಲು ನಿಮಗೆಲ್ಲ ಗೊತ್ತೇ ಇದೆ, 949-50ರದು. ಗಂಗರ ದೊರೆ ಬೂತುಗ ತನ್ನ ಕಡೆಯ ವೀರ ಮಣಲೆರನಿಗೆ ಮೆಚ್ಚಿ ಏನು ಬೇಕು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಕಾಳಿಯ ಬಣ್ಣ ಏನು, ಕಿವಿ ಹೇಗಿತ್ತು ಅಂತ ಆ ಬರಹದಲ್ಲಿ ಒಂದು ಮಾತೂ ಇಲ್ಲ. ಹೆಸರಿದೆ, ಮಾಡಿದ ಕೆಲಸ ಇದೆ.

ಹಾಗಂತ ರೂಪ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ತಾತ ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವಾಗ ಮೊದಲು ದೂರ ನಿಂತು ನೋಡುತ್ತಿದ್ದರು. ಕೊಂಬು, ಸುಳಿ, ಗೊರಸು. ‘ಲಕ್ಷಣವಾಗದೆ’ ಅನ್ನುತ್ತಿದ್ದರು. ಆಮೇಲೆ ಹಲ್ಲು ನೋಡಿ, ಹೆಗಲು ಅದುಮಿ, ಗಾಡಿಗೆ ಹೂಡಿಸಿ ನಾಲ್ಕು ಹೆಜ್ಜೆ ಎಳೆಸುತ್ತಿದ್ದರು. ಎಳೆಸದೆ ಟವೆಲ್ಲಿನ ಕೆಳಗೆ ಕೈ ಇಡುತ್ತಿರಲಿಲ್ಲ. ಅವರಿಗೆ ಲಕ್ಷಣ ಅಂದರೆ ಚೆಲುವಲ್ಲ, ಮುಂದೆ ಆಗುವ ಕೆಲಸದ ಗುರುತು. ನಾಯಿಯಲ್ಲೂ ಅಷ್ಟೇ. ಎದೆ ಆಳ ಯಾಕೆ ಬೇಕು? ಗುಂಡಿಗೆ, ಶ್ವಾಸಕೋಶಕ್ಕೆ ಜಾಗ ಬೇಕು. ಸೊಂಟ ಯಾಕೆ ಸಣ್ಣ? ಓಡುವಾಗ ಹಿಂಗಾಲು ಮುಂದಕ್ಕೆ ಬರಬೇಕು. ಕಣದಲ್ಲಿ ನಾಯಿಯನ್ನು ಸಣ್ಣ ಓಟದಲ್ಲಿ ಮಾತ್ರ ನಡೆಸುತ್ತಾರೆ, ನಾಗಾಲೋಟ ಅಲ್ಲಿ ಕಾಣುವುದಿಲ್ಲ. ಅದಕ್ಕೇ ಮೈ ನೋಡಿ ಓಟವನ್ನು ಊಹಿಸಬೇಕು.

ಹಾಗಾಗಿ ನನ್ನ ಆಯ್ಕೆ ಮೈಕಟ್ಟು. ‘ಕಟ್ಟು’ ಅಂದಾಗ ಏನೋ ಒಂದು ಉದ್ದೇಶಕ್ಕೆ ಕಟ್ಟಿದ್ದು ಅನ್ನುವುದು ತಾನಾಗಿಯೇ ಬರುತ್ತದೆ. ಗರಡಿಯವರೂ ಇದೇ ಪದ ಬಳಸುತ್ತಾರೆ. ಮೇಷ್ಟ್ರ ಮಾಟ ನನಗೆ ತುಂಬಾ ಇಷ್ಟ, ಆದರೆ ಬ. ಅವರು ಹೇಳಿದ್ದು ಸರಿ.

ಎರಡನೆಯದಕ್ಕೆ ಗೇಮೆ ಬರೆಯಲು ನನ್ನ ಕೈ ಹಾತೊರೆಯುತ್ತದೆ, ನಮ್ಮ ಮನೆಯ ಮಾತು ಅದು. ಆದರೆ ಗೇಮೆ ಅಂದರೆ ಮಾಡುವ ಕೆಲಸ, ಮಾಡುವ ಶಕ್ತಿ ಅಲ್ಲ. ‘ಕೆಲಸದ ಕಸುವು’ ಆಗಬಹುದಾ? ಕಸುವು ಬಾಗಲಕೋಟೆಯವರಿಗೂ ಗೊತ್ತಿರುವ ಪದ ಅಂತ ನಂಬಿದ್ದೇನೆ.

ಮೂರನೆಯದಕ್ಕೆ ಸಮತೋಲನ ಬೇಡವೇ ಬೇಡ. ತಕ್ಕಡಿಯಲ್ಲಿ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಬೇಕು. ರೂಪಕ್ಕೆ ಇಷ್ಟು ಕೊಟ್ಟರೆ ಕೆಲಸಕ್ಕೆ ಅಷ್ಟು ಕಡಿಮೆ ಅನ್ನುವ ಲೆಕ್ಕವನ್ನು ಆ ಪದವೇ ತಂದಿಡುತ್ತದೆ. ನಾನು ಹದ ಅಂತ ಬರೆಯುತ್ತೇನೆ. ಆಲೆಮನೆಯಲ್ಲಿ ಪಾಕ ಕುದಿಯುವಾಗ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಹದ. ಸ್ವಲ್ಪ ಮೊದಲಾದರೆ ಬೆಲ್ಲ ಜಿಗುಟು, ತಡವಾದರೆ ಸೀದು ಹೋಗುತ್ತದೆ. ಎದೆ ಆಳವಾಗಬೇಕು, ಆದರೆ ಪೀಪಾಯಿಯ ಹಾಗೆ ಅಗಲವಾಗಿ ಮೊಣಕೈಗೆ ಅಡ್ಡ ಬರಬಾರದು. ಇದು ತಕ್ಕಡಿಯ ಮಾತಲ್ಲ.

— ರಾ.


ಉತ್ತರ 4

ಹದ ಒಪ್ಪಿದೆ. ಮೈಕಟ್ಟು ಒಪ್ಪಿದೆ, ಒಲ್ಲದ ಮನಸ್ಸಿನಿಂದ. ಕಸುವು ಒಪ್ಪುವುದಿಲ್ಲ. ಓದುವವರು ಅದನ್ನು ಕಸುಬು ಅಂತಲೇ ಓದುತ್ತಾರೆ. ಕಸುಬು ನಮ್ಮದಲ್ಲ, ಅರಬಿಯ ಕಸ್ಬ್, ಗಳಿಕೆ ಅಂತ ಅರ್ಥ. ಹೀಗೆ ಒಂದೊಂದೇ ಒಳಗೆ ಬಿಟ್ಟುಕೊಂಡು ಬಂದೇ ಇವತ್ತು ‘ಜಡ್ಜು’, ‘ರಿಂಗು’, ‘ಬ್ರೀಡು’ ಇಲ್ಲದೆ ಒಂದು ನಾಯಿಯ ಬಗ್ಗೆಯೂ ಮಾತಾಡಲಾರೆವು. ಗೇಮೆಯನ್ನು ಬಿಟ್ಟುಕೊಡಬೇಡಿ. ಉತ್ತರದವರು ಕಲಿಯಲಿ, ನಾವು ದಗದ ಕಲಿಯೋಣ.

— ಶ್ರೀ.


ಉತ್ತರ 5

ಮೇಷ್ಟ್ರೇ, ಕಸುವು ಬೇರೆ, ಕಸುಬು ಬೇರೆ. ಒಂದಕ್ಷರ ಹೋಲುತ್ತದೆ ಅಂತ ಪದವನ್ನೇ ಹೊರಗೆ ಹಾಕುವುದು ನ್ಯಾಯ ಅಲ್ಲ. ಕಸುಬು ಅರಬಿಯಾದರೂ ಏನಂತೆ? ನಮ್ಮ ಕಮ್ಮಾರ, ಬಡಗಿ ಅದನ್ನು ಬಿಟ್ಟು ಬೇರೆ ಪದ ಹೇಳಿದ್ದು ಕೇಳಿದ್ದೀರಾ?

— ಬ.


ಉತ್ತರ 6

ನಾನು ಮೈಸೂರಿನಲ್ಲಿ ಈ ನಾಯಿಗಳನ್ನೇ ಸಾಕುವವಳು. ಪದ ಎಲ್ಲಿಂದ ಬಂತು ಅನ್ನುವುದು ನನಗೆ ಬೇಡ. ಎರಡು ವಿಷಯ. ‘ಕಣ’ ಅಂದರೆ ನಮ್ಮ ಹುಡುಗರಿಗೆ ರಾಗಿ ಒಕ್ಕುವ ಜಾಗ. ರಿಂಗ್ ಅಂತಲೇ ಇರಲಿ, ಮೈಕಿನಲ್ಲಿ ಕೂಗುವುದೂ ಅದನ್ನೇ. ಮತ್ತೆ ದಯವಿಟ್ಟು ‘ಜಾತಿ ನಾಯಿ’ ಅಂತ ಬೋರ್ಡಿಗೆ ಹಾಕಬೇಡಿ. ಬೀದಿಯಲ್ಲಿ ಜನ ಹಾಗೇ ಅನ್ನುತ್ತಾರೆ, ಆದರೆ ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗರ ಮುಖ ನೋಡಿಕೊಂಡು ನಾನು ಆ ಪದ ಆಡಲಾರೆ. ತಳಿ ಸಾಕು.

ಕಸುವು ಅಂದರೆ ನನಗೆ ಅರ್ಥ ಆಯಿತು. ನಮ್ಮ ಹುಡುಗರಿಗೂ ಆಯಿತು, ಓದಿ ಕೇಳಿಸಿದೆ.

— ಲ., ಬೋಗಾದಿ


ಮಂಡ್ಯದಿಂದ, ಶುಕ್ರವಾರ

ಅಮ್ಮ, ‘ಜಾತಿ’ ಎಲ್ಲೂ ಇಲ್ಲ, ತಳಿ ಅಂತಲೇ ಇದೆ. ರಿಂಗ್ ಕೂಡ ಹಾಗೇ ಇಟ್ಟಿದ್ದೇನೆ.

ಮೇಷ್ಟ್ರೇ, ನಿಮ್ಮ ಗೇಮೆಯನ್ನು ಪೂರ್ತಿ ಬಿಟ್ಟಿಲ್ಲ. ಹಾಳೆಯ ಹಿಂದೆ ತೀರ್ಪುಗಾರರಿಗೆ ಬರೆದ ಸೂಚನೆಯಲ್ಲಿ ‘ಕಿವಿ, ಚರ್ಮದ ಮೇಲೆ ಗೇಮೆಯಲ್ಲಿ ಆದ ಗಾಯದ ಗುರುತಿದ್ದರೆ ಅಂಕ ಕಳೆಯಬಾರದು’ ಅಂತ ಹಾಕಿದ್ದೇನೆ. ಅದರ ಮುಂದೆ ‘ದಗದ’ವೂ ಇದೆ. ಮಾತು ಯಾರದೇ ಆಗಲಿ, ಆ ಸಾಲು ಮಾತ್ರ ಅಲ್ಲಿ ಇರಲೇಬೇಕಿತ್ತು. ನಾಗಾಲೋಟ ಓಟದ ಪರೀಕ್ಷೆಯ ಹೆಸರಾಗಿದೆ.

ಬೋರ್ಡು ಬೆಳಿಗ್ಗೆ ಅಂಗಡಿಗೆ ಹೋಯಿತು: ಮೈಕಟ್ಟು, ಕೆಲಸದ ಕಸುವು, ಹದ. ಪ್ರೂಫ್ ನೋಡಲು ಹೋದರೆ ಅಂಗಡಿಯ ಹುಡುಗ ‘ಕೆಲಸದ ಕಸುಬು’ ಅಂತ ಹೊಡೆದಿಟ್ಟಿದ್ದ. ಪಕ್ಕದಲ್ಲೇ ನಿಂತು ತಿದ್ದಿಸಿ ಬಂದೆ.

— ರಾ.