ಪೂರ್ಣಾವಧಿ ಸಂಗೀತ ಸೇವೆಗೆ ಇಳಿಯುವ ಮುನ್ನ: ಹಾಡುಗಾರರ ಮನೆಯವರು ಹೇಳಿದ್ದು

ಪ್ರಶ್ನೆ

ನಾನು ಕ್ರೈಸ್ತ ಹಾಡುಗಳನ್ನು ಬರೆದು, ರಾಗ ಹಾಕಿ, ಹಾಡುವವನು. ಇದುವರೆಗೆ ಉದ್ಯೋಗದ ಜೊತೆಗೇ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಆರಾಧನೆ ನಡೆಸಿಕೊಂಡು ಬಂದಿದ್ದೇನೆ. ಈಗ ಬೇರೆ ಸಭೆಗಳಿಂದಲೂ ಕರೆ ಬರುತ್ತಿದೆ. ಕೆಲಸ ಬಿಟ್ಟು ಪೂರ್ತಿಯಾಗಿ ಈ ಸೇವೆಗೆ ಇಳಿಯಬೇಕೆಂಬ ಭಾರ ಮನಸ್ಸಿನಲ್ಲಿದೆ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಹೆಂಡತಿ ಬೇಡ ಎನ್ನುವುದಿಲ್ಲ, ಸರಿ ಎಂದೂ ಹೇಳುತ್ತಿಲ್ಲ. ಮಗಳು ದೊಡ್ಡ ಕಾಯಿಲೆಯಿಂದ ಪಾರಾದ ಮೇಲೆ ಬರೆದ ಹಾಡೊಂದಿದೆ. ಅದನ್ನು ಸಾಕ್ಷಿಯ (ದೇವರು ಪಾರುಮಾಡಿದ ಅನುಭವದ ಮಾತಿನ) ಸಮೇತ ಧ್ವನಿಮುದ್ರಿಸಿ ಎಂದು ಹಲವರು ಒತ್ತಾಯಿಸುತ್ತಿದ್ದಾರೆ. ಈ ದಾರಿಯಲ್ಲಿ ನಡೆದ ಕುಟುಂಬಗಳು ದಯವಿಟ್ಟು ತಮ್ಮ ಅನುಭವ ಹಂಚಿಕೊಳ್ಳಿ.

ಹಾಡುಗಾರರೊಬ್ಬರ ಪತ್ನಿ

ಸಹೋದರರೇ, ನಿಮ್ಮ ಪತ್ನಿಯವರ ಮೌನವನ್ನು ಒಪ್ಪಿಗೆ ಎಂದು ಎಣಿಸಬೇಡಿ. ದೇವರ ಸೇವೆಗೆ ಅಡ್ಡ ಬಂದವಳು ಎನಿಸಿಕೊಳ್ಳಲು ಯಾವ ವಿಶ್ವಾಸಿ ಹೆಂಗಸಿಗೂ ಇಷ್ಟವಿರುವುದಿಲ್ಲ. ಹೀಗಾಗಿ ನಮ್ಮಂಥವರು ಬೇಡ ಎನ್ನುವ ಬದಲು ಸುಮ್ಮನಾಗುತ್ತೇವೆ. "ಹೋಗಲೇ?" ಎಂದು ಕೇಳಿದರೆ ನಿಮಗೆ ಉತ್ತರ ಸಿಗದು. "ನಾನು ಇಲ್ಲದ ದಿನಗಳಲ್ಲಿ ನಿನ್ನ ಮೇಲೆ ಏನೇನು ಬೀಳುತ್ತದೆ?" ಎಂದು ಕೇಳಿ, ಅವರು ಹೇಳುವುದನ್ನು ಬರೆದುಕೊಳ್ಳಿ. ನಡುವೆ ಸಮಾಧಾನ ಹೇಳಲು ಹೋಗಬೇಡಿ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ವಾರಾಂತ್ಯ. ಮಕ್ಕಳಿಗೆ ಶಾಲೆ ಇಲ್ಲದ ಎರಡೇ ದಿನಗಳಲ್ಲಿ ಅಪ್ಪನಿಗೆ ಅತಿ ಹೆಚ್ಚು ಕೆಲಸ. ಅವರಿಗೆ ಬಿಡುವಿರುವ ಸೋಮವಾರ ಮಕ್ಕಳು ತರಗತಿಯಲ್ಲಿರುತ್ತಾರೆ. ಆದ್ದರಿಂದ ವಾರದ ಒಂದು ಸಂಜೆಯನ್ನು ಮನೆಗೆಂದು ಮೀಸಲಿಟ್ಟೆವು. ಆ ಸಂಜೆ ಅಭ್ಯಾಸವೂ ಇಲ್ಲ, ಧ್ವನಿಮುದ್ರಣವೂ ಇಲ್ಲ, ಫೋನ್ ಕರೆಯೂ ಇಲ್ಲ. ಕರೆದವರಿಗೆ ಅಂದೇ ಒಪ್ಪಿಗೆ ಕೊಡುವುದಿಲ್ಲ. ಇಬ್ಬರೂ ಕ್ಯಾಲೆಂಡರ್ ಮುಂದೆ ಕುಳಿತು ನೋಡಿದ ಮೇಲೆಯೇ ಉತ್ತರ. ಇದರಿಂದ ಕೆಲವರು ಬೇಸರಗೊಂಡು ಮತ್ತೆ ಕರೆಯಲಿಲ್ಲ. ಅದರಿಂದ ಸೇವೆ ನಿಂತುಹೋಗಲಿಲ್ಲ.

ಇನ್ನೊಂದು ಸಂಗತಿಯನ್ನು ಹೊರಗಿನವರು ಊಹಿಸುವುದಿಲ್ಲ. ಹಾಡು ಬರೆಯುವವರು ಮನೆಯಲ್ಲಿದ್ದೂ ಮನೆಯಲ್ಲಿರುವುದಿಲ್ಲ. ಚರಣದ ಒಂದು ಸಾಲು ಸಿಕ್ಕದಿದ್ದರೆ ಊಟದ ಮೇಜಿನಲ್ಲಿ ಕುಳಿತೇ ಎಲ್ಲಿಯೋ ಹೋಗಿರುತ್ತಾರೆ. ಮಗು ಮೂರು ಸಲ ಕರೆದರೂ ಕೇಳಿಸುವುದಿಲ್ಲ. ಪ್ರವಾಸಕ್ಕಿಂತ ಇದೇ ಮಕ್ಕಳನ್ನು ಹೆಚ್ಚು ನೋಯಿಸುತ್ತದೆ, ಏಕೆಂದರೆ ಪ್ರವಾಸಕ್ಕೆ ಮರಳುವ ದಿನವಾದರೂ ಇರುತ್ತದೆ. ನಮ್ಮಲ್ಲಿ ಕೋಣೆಯ ಬಾಗಿಲು ಮುಚ್ಚಿದ್ದರೆ ಬರವಣಿಗೆಯ ಹೊತ್ತು, ಯಾರೂ ತಟ್ಟುವುದಿಲ್ಲ. ಬಾಗಿಲು ತೆರೆದರೆ ಅವರು ಪೂರ್ತಿ ಮಕ್ಕಳ ಪಾಲು, ಎಷ್ಟೇ ಒಳ್ಳೆಯ ಪಲ್ಲವಿ ತಲೆಯಲ್ಲಿ ಸುತ್ತುತ್ತಿದ್ದರೂ.

ಉದ್ಯೋಗದ ಜೊತೆ ಹಾಡು ಬರೆಯುವವರು

ನಾನು ಹಣದ ಮಾತು ಆಡುತ್ತೇನೆ. ನಮ್ಮವರು ಇದನ್ನು ಆಡಲು ಹಿಂಜರಿಯುತ್ತಾರೆ. ಬೈಬಲಿನಲ್ಲಿ ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯ ಓದಿ. ದೇವಾಲಯದ ಸೇವಕರಾದ ಲೇವಿಯರಿಗೂ ಹಾಡುವವರಿಗೂ ಸಲ್ಲಬೇಕಾದ ಪಾಲು ಸಿಗದೆ ಅವರು ತಮ್ಮ ತಮ್ಮ ಹೊಲಗಳಿಗೆ ಹಿಂತಿರುಗಿದ್ದರು. ನೆಹೆಮೀಯನು ಗದರಿಸಿದ್ದು ಹಾಡುವವರನ್ನಲ್ಲ, ದೇವಾಲಯವನ್ನು ಕೈಬಿಟ್ಟ ಅಧಿಕಾರಿಗಳನ್ನು.

ಚಾರ್ಲ್ಸ್ ವೆಸ್ಲಿ ಸಾವಿರಾರು ಕೀರ್ತನೆಗಳನ್ನು ಬರೆದ ಸುವಾರ್ತಿಕ, ಅಂದರೆ ಸುವಾರ್ತೆ ಸಾರುವವರು. 1749ರಲ್ಲಿ ಸಾರಾ ಗ್ವಿನ್ ಅವರನ್ನು ಮದುವೆಯಾಗುವ ಮುನ್ನ, ವರ್ಷಕ್ಕೆ ನೂರು ಪೌಂಡ್ ಆದಾಯ ಖಚಿತವಾಗಬೇಕೆಂದು ಹುಡುಗಿಯ ತಾಯಿ ಕೇಳಿದರು. ಅಣ್ಣ ಜಾನ್ ವೆಸ್ಲಿ ಪುಸ್ತಕಗಳ ಮಾರಾಟದಿಂದ ಅದನ್ನು ಕೊಡುವ ಭರವಸೆ ನೀಡಿದ ಮೇಲೆ ಮದುವೆ ನಡೆಯಿತು. ಆ ತಾಯಿಗೆ ನಂಬಿಕೆ ಕಡಿಮೆ ಇತ್ತು ಎಂದು ನಾನು ಹೇಳಲಾರೆ. ಮಗಳ ಮನೆ ನಡೆಯುವ ಬಗೆಯನ್ನು ಕೇಳುವುದು ಅವರ ಹಕ್ಕು. ಸಂಸಾರ ಬೆಳೆದಂತೆ ಚಾರ್ಲ್ಸ್ ದೂರದ ಪ್ರವಾಸಗಳನ್ನು ಕಡಿಮೆ ಮಾಡಿ ಕೊನೆಗೆ ನಿಲ್ಲಿಸಿದರು. ಬರವಣಿಗೆ ಮಾತ್ರ ನಿಲ್ಲಲಿಲ್ಲ.

ಅಮೆರಿಕದ ಕ್ರೈಸ್ತ ಹಾಡುಗಾರ ರಿಚ್ ಮಲಿನ್ಸ್ ತಮ್ಮ ಗಳಿಕೆಯನ್ನು ಸಭೆಯ ಹಿರಿಯರ ಕೈಗೆ ಬಿಟ್ಟು, ಒಬ್ಬ ಸಾಧಾರಣ ಕೆಲಸಗಾರನ ಸಂಬಳದಷ್ಟನ್ನು ಮಾತ್ರ ಪಡೆಯುತ್ತಿದ್ದರು ಎಂದು ಅನೇಕರು ಉದಾಹರಣೆ ಕೊಡುತ್ತಾರೆ. ಮೆಚ್ಚತಕ್ಕದ್ದೇ. ಆದರೆ ಅವರು ಅವಿವಾಹಿತರು. ಇಬ್ಬರು ಮಕ್ಕಳಿರುವವರು ಅಂಥ ತೀರ್ಮಾನವನ್ನು ಒಬ್ಬರೇ ಮಾಡುವಂತಿಲ್ಲ.

ನಾನು ಪಾಲಿಸುವ ಕ್ರಮ ಇದು: ಪ್ರಯಾಣ ವೆಚ್ಚ, ವಾದ್ಯಗಾರರ ಸಂಭಾವನೆ, ನನ್ನ ಕಾಣಿಕೆ ಇವು ಮೂರನ್ನೂ ಬೇರೆ ಬೇರೆಯಾಗಿ ಮೊದಲೇ ಬರೆದು ಕಳುಹಿಸುತ್ತೇನೆ. ಸೇವೆಯ ಬ್ಯಾಂಕ್ ಖಾತೆ ಬೇರೆ, ಮನೆಯದು ಬೇರೆ. ಜೊತೆಗೆ ಕುಳಿತು ಹಾಡು ಬರೆದರೆ ಯಾರ ಪಾಲು ಎಷ್ಟು ಎಂಬುದನ್ನು ಅದೇ ದಿನ ಬರೆದು ಸಹಿ ಹಾಕುತ್ತೇವೆ, ಅವರು ಎಷ್ಟೇ ಆಪ್ತ ಸಹೋದರರಾಗಿದ್ದರೂ. ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಒಪ್ಪಂದಕ್ಕೆ ಸಹಿ ಹಾಕುವಾಗ ಯಾವುದನ್ನು ಕೊಡುತ್ತಿದ್ದೀರಿ ಎಂದು ಕೇಳಿ ತಿಳಿದುಕೊಳ್ಳಿ. ಭಾರತದ ಕಾನೂನಿನಲ್ಲಿ ಹಾಡಿನ ಹಕ್ಕುಸ್ವಾಮ್ಯ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಅಮೆರಿಕದಲ್ಲಿ 70 ವರ್ಷ. ಅಂದರೆ ನಿಮ್ಮ ಮಕ್ಕಳ ಆಸ್ತಿಯ ಒಂದು ಭಾಗವನ್ನು ನೀವು ಈಗ ಬರೆಯುತ್ತಿದ್ದೀರಿ.

ಒಬ್ಬ ಸಭಾಪಾಲಕರು

ಪೂರ್ವಕಾಲವೃತ್ತಾಂತ ಪ್ರಥಮ ಭಾಗದ 25ನೆಯ ಅಧ್ಯಾಯವನ್ನು ಸಂಗೀತ ಸೇವೆಯ ಬಗ್ಗೆ ಮಾತನಾಡುವವರೆಲ್ಲ ಉಲ್ಲೇಖಿಸುತ್ತಾರೆ. ದಾವೀದ ರಾಜನ ಕಾಲದ ಗಾಯಕ ಹೇಮಾನನಿಗೆ ಹದಿನಾಲ್ಕು ಗಂಡು ಮಕ್ಕಳು, ಮೂವರು ಹೆಣ್ಣು ಮಕ್ಕಳು; ತಂದೆಯ ಕೈಕೆಳಗೆ ದೇವಾಲಯದ ಗಾಯನ. ಕುಟುಂಬವೇ ಹಾಡಿನ ತಂಡ ಎಂಬ ಈ ಚಿತ್ರ ಎಲ್ಲರಿಗೂ ಪ್ರಿಯ. ಅದೇ ಅಧ್ಯಾಯದ ಉಳಿದ ಭಾಗವನ್ನೂ ನೋಡಿ: ಒಟ್ಟು 288 ಮಂದಿ, ಚೀಟು ಹಾಕಿ 24 ವರ್ಗಗಳು, ವರ್ಗಕ್ಕೆ ಹನ್ನೆರಡು ಮಂದಿ. ಅಲ್ಲಿದ್ದದ್ದು ಸರದಿ. ಪ್ರತಿ ವಾರವೂ ಒಬ್ಬನೇ ಹಾಡಬೇಕೆಂದು ದಾವೀದನು ಏರ್ಪಾಡು ಮಾಡಲಿಲ್ಲ. ನಿಮ್ಮ ಸಭೆಯಲ್ಲಿ ಆರಾಧನೆ ನಡೆಸಬಲ್ಲ ಇನ್ನಿಬ್ಬರನ್ನು ಬೆಳೆಸದೆ ನೀವು ಪೂರ್ಣಾವಧಿಗೆ ಇಳಿದರೆ, ಹೊರಗಿನ ಕರೆಗಳೂ ಒಳಗಿನ ಜವಾಬ್ದಾರಿಯೂ ಸೇರಿ ಕುಟುಂಬದ ಪಾಲನ್ನು ತಿನ್ನುತ್ತವೆ.

1948ರಲ್ಲಿ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಗಾಯನದ ಮುಂದಾಳು ಕ್ಲಿಫ್ ಬ್ಯಾರೋಸ್ ಸೇರಿದಂತೆ ಅವರ ತಂಡದವರು ಕ್ಯಾಲಿಫೋರ್ನಿಯಾದ ಮಾಡೆಸ್ಟೋದಲ್ಲಿ ಕುಳಿತು, ಸುವಾರ್ತಿಕರು ಎಡವುವ ಕಡೆಗಳು ಯಾವುವು ಎಂದು ವಿಚಾರಿಸಿದರು. ಹಣದ ಲೆಕ್ಕ, ದಾಂಪತ್ಯ ನಿಷ್ಠೆ, ಸ್ಥಳೀಯ ಸಭೆಗಳೊಂದಿಗಿನ ಸಂಬಂಧ, ಪ್ರಚಾರದಲ್ಲಿ ಉತ್ಪ್ರೇಕ್ಷೆ ಎಂಬ ನಾಲ್ಕು ವಿಷಯಗಳಲ್ಲಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ನಿಮ್ಮ ತಂಡವೂ ಮೊದಲ ಪ್ರವಾಸಕ್ಕೆ ಮುಂಚೆ ಹಾಗೆ ಕುಳಿತುಕೊಳ್ಳಲಿ, ಮನೆಯವರನ್ನೂ ಕೂಡಿಸಿಕೊಂಡು.

ಹಾಡುಗಾರರ ಮಗಳು

ಅಂಕಲ್, ನಿಮ್ಮ ಮಗಳ ಹಾಡಿನ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಬಾಲ್ಯದ ಆಸ್ಪತ್ರೆ ವಾಸ ನಮ್ಮ ತಂದೆಯವರ ಸಾಕ್ಷಿಯಲ್ಲಿ ಸೇರಿತ್ತು. ಅದನ್ನು ಕೇಳಿ ಎಷ್ಟೋ ತಂದೆತಾಯಿಗಳು ಧೈರ್ಯ ಪಡೆದರು ಎಂಬುದು ನಿಜ, ಅದಕ್ಕಾಗಿ ನನಗೆ ಸಂತೋಷವೂ ಇದೆ. ಆದರೆ ನಾನು ಹೋದ ಸಭೆಗಳಲ್ಲೆಲ್ಲ ಗುರುತಿಲ್ಲದವರು ಬಂದು "ಆ ಮಗು ನೀನೇನಾ?" ಎಂದು ತಲೆ ಸವರುತ್ತಿದ್ದರು. ನನ್ನ ಕಥೆಯನ್ನು ನಾನು ಹೇಳುವ ಮೊದಲೇ ಎಲ್ಲರೂ ಕೇಳಿಯಾಗಿತ್ತು. ಹದಿಹರೆಯದಲ್ಲಿ ನಾನು ಬೇಡ ಎಂದಾಗ ತಂದೆಯವರು ಮರುಮಾತಿಲ್ಲದೆ ವೇದಿಕೆಯ ಮೇಲೆ ಅದನ್ನು ಹೇಳುವುದನ್ನು ಬಿಟ್ಟರು. ಹಾಡು ಉಳಿಯಿತು, ಹೆಸರು ಹೋಯಿತು. ಹೆಸರಿಲ್ಲದೆಯೂ ಜನ ಅದನ್ನು ಅಷ್ಟೇ ಕಣ್ಣೀರಿನಿಂದ ಹಾಡುತ್ತಾರೆ.

ಮಕ್ಕಳು ಹಾಡಿನ ತಂಡದಲ್ಲಿ ಸೇರಲೇಬೇಕೆಂದೂ ಇಲ್ಲ. ಚಾರ್ಲ್ಸ್ ವೆಸ್ಲಿಯವರ ಮಗ ಸ್ಯಾಮ್ಯುಯೆಲ್ ದೊಡ್ಡ ಸಂಗೀತಗಾರನಾದರು, ಆದರೆ 1784ರಲ್ಲಿ ರೋಮನ್ ಕ್ಯಾಥೊಲಿಕ್ ಸಭೆಗೆ ಸೇರಿದರು. ತಂದೆಗೆ ತುಂಬಾ ನೋವಾಯಿತು. ಸ್ವರಜ್ಞಾನ ಮನೆಯಿಂದ ಬರಬಹುದು, ನಂಬಿಕೆಯ ದಾರಿಯನ್ನು ಅವರವರೇ ನಡೆಯಬೇಕು.

ಮತ್ತೆ ಹಾಡುಗಾರರ ಪತ್ನಿ

ಮೇಲಿನ ಸಹೋದರರು ಹಕ್ಕುಪತ್ರಗಳ ಬಗ್ಗೆ ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಕ್ರೈಸ್ತ ಹಾಡುಗಾರ ಕೀತ್ ಗ್ರೀನ್ 1982ರ ಜುಲೈ 28ರಂದು ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 28 ವರ್ಷ. ಜೊತೆಗಿದ್ದ ಅವರ ಇಬ್ಬರು ಪುಟ್ಟ ಮಕ್ಕಳೂ ಸೇರಿ ಹನ್ನೆರಡು ಮಂದಿ ಸತ್ತರು. ವಿಮಾನದಲ್ಲಿ ಮಿತಿಗಿಂತ ಹೆಚ್ಚು ಭಾರವಿತ್ತು. ಪತ್ನಿ ಮೆಲೊಡಿ ಅವರಿಗೆ ಉಳಿದದ್ದು ಒಬ್ಬ ಮಗಳು ಮತ್ತು ಹೊಟ್ಟೆಯಲ್ಲಿದ್ದ ಮಗು. ಆಕೆ ಸ್ವತಃ ಹಾಡು ಬರೆಯುವವರು, ಸೇವೆಯಲ್ಲಿ ಜೊತೆಯಾಗಿ ನಿಂತವರು. ಹಾಗಾಗಿಯೇ ಅದನ್ನು ಮುಂದುವರಿಸಿದರು. ನಿಮ್ಮ ಪತ್ನಿಗೆ ಹಾಡುಗಳ ಕಡತ ಎಲ್ಲಿದೆ, ಒಪ್ಪಂದದಲ್ಲಿ ಏನಿದೆ ಎಂದು ಗೊತ್ತಿರಲಿ. ಕಾರ್ಯಕ್ರಮ ಮುಗಿಸಿ ದಣಿದು ರಾತ್ರಿಯೇ ವಾಹನ ಓಡಿಸಿಕೊಂಡು ಬರುವ ಅಭ್ಯಾಸ ಬೇಡ. ಕರೆದವರ ಬಳಿ ತಂಗಲು ಒಂದು ಕೋಣೆ ಕೇಳುವುದಕ್ಕೆ ಸಂಕೋಚ ಪಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಇವನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ವಾರಾಂತ್ಯದ ಮಾತು ಬಂದಾಗ ಆಕೆ ಮೊದಲ ಸಲ ಬಾಯಿ ಬಿಟ್ಟಳು, ಬಹಳ ಹೊತ್ತು ಮಾತನಾಡಿದಳು. ಒಂದೇ ಪ್ರಶ್ನೆ ಉಳಿದಿದೆ: ಮಗಳಿಗೆ ಈಗ ಆರು ವರ್ಷ. ಕೇಳಿದರೆ "ಹಾಡಪ್ಪಾ" ಎನ್ನುತ್ತಾಳೆ. ಅದನ್ನು ಒಪ್ಪಿಗೆ ಎನ್ನಬಹುದೇ?

ಹಾಡುಗಾರರ ಮಗಳು

ಆ ವಯಸ್ಸಿನಲ್ಲಿ ನಾನೂ ಹಾಗೆಯೇ ಹೇಳಿದ್ದೆ, ಅಂಕಲ್. ಅಪ್ಪ ಹಾಡಿದರೆ ಸಾಕಿತ್ತು ನನಗೆ. ಹಾಡನ್ನು ಧ್ವನಿಮುದ್ರಿಸಿ. ಅವಳ ಹೆಸರು, ಕಾಯಿಲೆಯ ಹೆಸರು, ಆಸ್ಪತ್ರೆಯ ಫೋಟೊಗಳು ಬೇಡ. ದೊಡ್ಡವಳಾದ ಮೇಲೆ ಅವಳಿಗೆ ಬೇಕೆನಿಸಿದರೆ ಸಾಕ್ಷಿಯನ್ನು ಅವಳೇ ಹೇಳಲಿ.